ಐಎಲ್‌ಸಿಎ ಅಂದ್ರೆ ಏನು ಸಾರ್?

2023ರ ಸೆಪ್ಟೆಂಬರ್ 26, ಮಂಗಳವಾರ. ಅವತ್ತು ಬೆಂಗಳೂರು ಬಂದ್. ಕಾವೇರಿ ನೀರಿನ ವಿಚಾರಕ್ಕೆ ಊರು ಬಾಗಿಲು ಹಾಕಿಕೊಂಡು ಕೂತಿತ್ತು. ಬೆಳಗ್ಗೆಯಿಂದ ನಮ್ಮ ಸ್ಟುಡಿಯೋದಲ್ಲಿ ಅದೇ ಸುದ್ದಿ, ಅದೇ ಚರ್ಚೆ. ಆ ಗಲಾಟೆಯ ಮಧ್ಯೆ ಚೀನಾದಿಂದ ಒಂದು ಚಿಕ್ಕ ಸುದ್ದಿ ಬಂತು. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ನೇಹಾ ಠಾಕೂರ್‌ಗೆ ಹಾಯಿದೋಣಿ ಸ್ಪರ್ಧೆಯಲ್ಲಿ ಬೆಳ್ಳಿ ಪದಕ. ವಿಭಾಗ: ಬಾಲಕಿಯರ ಡಿಂಗಿ, ಐಎಲ್‌ಸಿಎ–4.

ಓದಿದೆ. ಹದಿನೈದು ಸೆಕೆಂಡ್ ಅಷ್ಟೇ. ಓದಿ ಮತ್ತೆ ಕಾವೇರಿಗೆ ವಾಪಸ್ ಬಂದೆ.

ಮರುದಿನ ಒಬ್ಬ ವೀಕ್ಷಕರು ಫೋನ್ ಮಾಡಿದರು. "ಸಾರ್, ನಿನ್ನೆ ಓದಿದ್ರಲ್ಲ, ಐಎಲ್‌ಸಿಎ ಅಂತ. ಹಾಗಂದ್ರೆ ಏನು ಸಾರ್?" ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಜ ಹೇಳ್ತೀನಿ, ಅದು ದೋಣಿಯ ಹೆಸರೋ, ದೂರದ ಅಳತೆಯೋ, ವಯಸ್ಸಿನ ಗುಂಪೋ, ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿರುವವನ ಗತ್ತಿನಲ್ಲಿ ಓದಿಬಿಡೋದು ನಮ್ಮ ಕಸುಬಿನ ಹಳೇ ರೋಗ. ತಿಳಿದುಕೊಂಡು ಹೇಳ್ತೀನಿ ಅಂತ ಫೋನ್ ಇಟ್ಟೆ. ತಿಳಿದುಕೊಳ್ಳೋಕೆ ಹೋದರೆ, ಆ ನಾಲ್ಕು ಅಕ್ಷರಗಳ ಹಿಂದೆ ಐವತ್ತು ವರ್ಷದ ಕಥೆ ಇತ್ತು.

ಮೊದಲು ಸುಲಭದ ಭಾಗ. ಡಿಂಗಿ ಅಂದರೆ ಸಣ್ಣ ದೋಣಿ. ಮೇಲೆ ಛಾವಣಿ ಇಲ್ಲ, ಒಳಗೆ ಇಂಜಿನ್ ಇಲ್ಲ. ಒಬ್ಬರೋ ಇಬ್ಬರೋ ಕೂತು, ಗಾಳಿಗೆ ಹಾಯಿ ಬಿಚ್ಚಿ, ಚುಕ್ಕಾಣಿ ಹಿಡಿದು ಓಡಿಸುವ ದೋಣಿ. ಗಾಳಿ ಜೋರಾಗಿ ದೋಣಿ ವಾಲಿದರೆ, ಓಡಿಸುವವರು ಎದುರು ಅಂಚಿಗೆ ಕೂತು ಬೆನ್ನನ್ನು ನೀರಿನ ಮೇಲೆ ಚಾಚಿ ತಮ್ಮ ಮೈಭಾರದಿಂದಲೇ ಅದನ್ನು ನೆಟ್ಟಗೆ ನಿಲ್ಲಿಸಬೇಕು. ಹೊಟ್ಟೆ, ತೊಡೆ, ಮಂಡಿ ಎಲ್ಲ ಉರಿದುಹೋಗುವ ಆಟ ಇದು.

ಒಂದೇ ರೇಸಿನಲ್ಲಿ ಮುಗಿಯುವುದೂ ಇಲ್ಲ. ನೇಹಾ ಅವತ್ತಿನ ಪದಕಕ್ಕೆ 11 ರೇಸ್ ಓಡಿಸಿದ್ದಳು. ಮೊದಲು ಬಂದರೆ 1 ಅಂಕ, ಎರಡನೆಯದಾಗಿ ಬಂದರೆ 2 ಅಂಕ, ಹೀಗೆ ಲೆಕ್ಕ. ಕಡಿಮೆ ಅಂಕ ಇದ್ದವರು ಗೆದ್ದ ಹಾಗೆ. ಎಲ್ಲಕ್ಕಿಂತ ಕೆಟ್ಟದಾಗಿ ಓಡಿಸಿದ ಒಂದು ರೇಸನ್ನು ಬಿಟ್ಟುಬಿಡ್ತಾರೆ. ಹಾಗೆ ಕಳೆದು ಉಳಿದ ನೇಹಾ ಲೆಕ್ಕ 27. ವಯಸ್ಸು 17. ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ರೈತರ ಮಗಳು. ಸಮುದ್ರವೇ ಇಲ್ಲದ ಭೋಪಾಲಿನಲ್ಲಿ, ಕೆರೆಯ ಮೇಲೆ ಕಲಿತು ಬಂದವಳು.

ಇಲ್ಲಿ ಒಂದು ಪ್ರಶ್ನೆ. ಭೋಪಾಲಿನ ಕೆರೆಯ ದೋಣಿ ಬೇರೆ, ಚೀನಾದ ಸಮುದ್ರದ ದೋಣಿ ಬೇರೆ ಆಗಿದ್ದರೆ? ಒಂದು ಹಗುರ, ಇನ್ನೊಂದು ಭಾರ. ಒಂದಕ್ಕೆ ದೊಡ್ಡ ಹಾಯಿ, ಇನ್ನೊಂದಕ್ಕೆ ಚಿಕ್ಕದು. ಆಗ ಗೆದ್ದಿದ್ದು ಹುಡುಗಿಯೋ, ದೋಣಿಯೋ?

ಇದು ಅರ್ಥ ಆಗಬೇಕಾದರೆ ನಮ್ಮ ಕಂಬಳಕ್ಕೆ ಬನ್ನಿ. 2020ರ ಫೆಬ್ರವರಿ ನೆನಪಿದೆಯಲ್ಲ? ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಕ್ಯಾಲ್ಕುಲೇಟರ್ ಒತ್ತಿದರು. 100 ಮೀಟರಿಗೆ 9.55 ಸೆಕೆಂಡ್! ಉಸೇನ್ ಬೋಲ್ಟ್ ದಾಖಲೆ 9.58! ಮುಗೀತು ಕಥೆ. ನಾವು ಟಿವಿಯವರು ಎರಡು ದಿನ ಬೋಲ್ಟ್ ಮತ್ತು ಗೌಡರನ್ನು ಅಕ್ಕಪಕ್ಕ ಓಡಿಸಿದ್ದೇ ಓಡಿಸಿದ್ದು. ಕೇಂದ್ರ ಕ್ರೀಡಾ ಸಚಿವರು ಟ್ರಯಲ್ಸ್‌ಗೆ ಬನ್ನಿ ಅಂತ ಕರೆದರು. ಗೌಡರು ಮಾತ್ರ ನಮಗಿಂತ ಬುದ್ಧಿವಂತರು. ಟ್ರಯಲ್ಸ್‌ಗೆ ಒಪ್ಪಲಿಲ್ಲ. ಕೆಸರುಗದ್ದೆಯ ಓಟ ಬೇರೆ, ಸಿಂಥೆಟಿಕ್ ಟ್ರ್ಯಾಕಿನ ಓಟ ಬೇರೆ ಅನ್ನೋದು ಅವರಿಗೆ ಗೊತ್ತಿತ್ತು.

ಗೌಡರ ಕಾಲಿನ ಶಕ್ತಿಯನ್ನು ಯಾರೂ ಅನುಮಾನಿಸಬೇಕಾಗಿಲ್ಲ. ಆದರೆ ಕರೆಯ ಉದ್ದ ಒಂದೊಂದು ಊರಲ್ಲಿ ಒಂದೊಂದು. ಜೊತೆಗೆ ಕೋಣಗಳ ಎಳೆತ ಇದೆ. ಅಳತೆಗೋಲು ಒಂದೇ ಇಲ್ಲದ ಕಡೆ ಹೋಲಿಕೆ ಮಾಡಲಾಗದು. ಜಗತ್ತಿನ ಎರಡು ಮೂಲೆಯ ಇಬ್ಬರನ್ನು ಹೋಲಿಸಬೇಕಾದರೆ ಮೊದಲು ಯಾರೋ ಕೂತು ಅಳತೆ ಬರೆಯಬೇಕು, ಎಲ್ಲರೂ ಅದನ್ನು ಒಪ್ಪಬೇಕು.

ಹಾಯಿದೋಣಿ ಲೋಕದಲ್ಲಿ ಹೀಗೆ ಅಳತೆ ಒಪ್ಪಿಕೊಂಡ ಒಂದು ದೋಣಿಯ ಜಾತಿಗೆ 'ಕ್ಲಾಸ್' ಅಂತಾರೆ. ಒಂದು ಕ್ಲಾಸಿನ ದೋಣಿಗಳೆಲ್ಲ ಅಣ್ಣತಮ್ಮಂದಿರ ಹಾಗೆ. ಅಂಥ ಕ್ಲಾಸ್‌ಗಳು ನೂರಾರು ಇವೆ. ಆದರೆ ಅಂತಾರಾಷ್ಟ್ರೀಯ ಮಾನ್ಯತೆ ಎಲ್ಲಕ್ಕೂ ಸಿಗುವುದಿಲ್ಲ. ಕೊಡುವ ಅಧಿಕಾರ ಇರುವುದು ವರ್ಲ್ಡ್ ಸೇಲಿಂಗ್ ಅನ್ನುವ ಸಂಸ್ಥೆಗೆ. 1907ರಲ್ಲಿ ಇಂಟರ್‌ನ್ಯಾಷನಲ್ ಯಾಟ್ ರೇಸಿಂಗ್ ಯೂನಿಯನ್ ಅಂತ ಶುರುವಾಗಿ, ಎರಡು ಸಲ ಹೆಸರು ಬದಲಿಸಿಕೊಂಡ ಸಂಸ್ಥೆ ಇದು. ಕ್ರಿಕೆಟ್ಟಿಗೆ ಐಸಿಸಿ ಹೇಗೋ, ಹಾಯಿದೋಣಿಗೆ ಇದು ಹಾಗೆ.

ಈಗ ನೇಹಾ ಓಡಿಸಿದ ದೋಣಿಯ ಹುಟ್ಟಿನ ಕಥೆ ಕೇಳಿ. ನನಗೆ ಬಹಳ ಇಷ್ಟವಾದ ಭಾಗ ಇದು. ಯಾಕಂದ್ರೆ ಇದರ ನಾಯಕ ಒಬ್ಬ ಪತ್ರಕರ್ತ!

ಕೆನಡಾದ ಬ್ರೂಸ್ ಕರ್ಬಿ. ದಿನಪತ್ರಿಕೆಗಳಲ್ಲಿ ಕೆಲಸ ಮಾಡಿ, ಆಮೇಲೆ ಹಾಯಿದೋಣಿಗಳ ಪತ್ರಿಕೆಯೊಂದಕ್ಕೆ ಸಂಪಾದಕರಾದವರು. ಸ್ವತಃ ಒಲಿಂಪಿಕ್ಸ್‌ನಲ್ಲಿ ದೋಣಿ ಓಡಿಸಿದವರು. 1969ರಲ್ಲಿ ಅವರಿಗೆ ಗೆಳೆಯ ಇಯಾನ್ ಬ್ರೂಸ್ ಫೋನ್ ಮಾಡಿದರು. ಇಯಾನ್ ವಿನ್ಯಾಸಕಾರರು. ದೊಡ್ಡ ವ್ಯಾಪಾರಿ ಕಂಪನಿಯೊಂದು ರಜೆಯಲ್ಲಿ ಟೆಂಟ್ ಹಾಕಲು ಹೋಗುವವರಿಗಾಗಿ ಸಾಮಾನುಗಳನ್ನು ಮಾಡಿಸುತ್ತಿತ್ತು. ಅದರ ಜೊತೆಗೆ ಕಾರಿನ ಮೇಲೆ ಕಟ್ಟಿಕೊಂಡು ಹೋಗುವಂಥ ಒಂದು ಪುಟ್ಟ ದೋಣಿಯೂ ಬೇಕು, ಬರೆದುಕೊಡ್ತೀರಾ ಅಂತ ಕೇಳಿದರು. ಕರ್ಬಿ ಫೋನಿನಲ್ಲಿ ಮಾತಾಡ್ತಾ ಮಾತಾಡ್ತಾ ಎದುರಿಗಿದ್ದ ಹಾಳೆಯ ಮೇಲೆ ಪೆನ್ನಿನಲ್ಲಿ ಗೀಚಿದರು. ಫೋನ್ ಬಂದಾಗ ನಾವೆಲ್ಲ ಹೂವು, ಬಳ್ಳಿ ಗೀಚ್ತೀವಲ್ಲ, ಹಾಗೆ. ಆ ಗೀಚಿಗೆ ಮುಂದೆ ಇಟ್ಟ ಅಡ್ಡಹೆಸರು 'ಮಿಲಿಯನ್ ಡಾಲರ್ ಗೀಚು'.

ಕಂಪನಿಗೆ ದೋಣಿ ಬೇಡವಾಯಿತು. ಕರ್ಬಿ ಅವರಿಗೆ ಮಾತ್ರ ಆ ಹಾಳೆ ಎಸೆಯೋಕೆ ಮನಸ್ಸಾಗಲಿಲ್ಲ. ಮರುವರ್ಷ ಅವರದೇ ಪತ್ರಿಕೆ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಒಂದು ರೇಸ್ ಏರ್ಪಡಿಸಿತು. ಒಂದು ಸಾವಿರ ಡಾಲರ್ ಒಳಗಿನ ಅಗ್ಗದ ದೋಣಿಗಳಿಗೆ ಮಾತ್ರ ಪ್ರವೇಶ. ಹಾಯಿ ಹೊಲಿಯುವುದರಲ್ಲಿ ಪಳಗಿದ ಹ್ಯಾನ್ಸ್ ಫಾಗ್ ಈ ಹೊಸ ದೋಣಿಗೆ ಹಾಯಿ ಹೊಲಿದು ತಾವೇ ಓಡಿಸಿದರು. ಮೊದಲ ದಿನ ಸ್ವಲ್ಪ ಹಿಂದೆ ಬಿದ್ದರು. ಹಾಯಿಯನ್ನು ಕತ್ತರಿಸಿ ಮತ್ತೆ ಹೊಲಿದು ಎರಡನೇ ದಿನ ಗೆದ್ದರು. 1971ರ ಜನವರಿಯಲ್ಲಿ ನ್ಯೂಯಾರ್ಕಿನ ದೋಣಿ ಪ್ರದರ್ಶನದಲ್ಲಿ ಇಟ್ಟಾಗ ಅಲ್ಲೇ 144 ದೋಣಿಗಳು ಮಾರಾಟವಾದವು. ಹೆಸರು ಲೇಸರ್.

ಉದ್ದ 4.2 ಮೀಟರ್. ಒಡಲಿನ ಭಾರ ಅರವತ್ತು ಕೆಜಿಗಿಂತ ಕಡಿಮೆ. ಒಂದೇ ಹಾಯಿ. ನಮ್ಮ ಕೋಣೆಯೊಳಗೆ ಹಿಡಿಸುವಷ್ಟು ಉದ್ದ, ಇಬ್ಬರು ಎತ್ತಿಕೊಂಡು ಹೋಗುವಷ್ಟು ಭಾರ. ಇದಕ್ಕಿಂತ ವೇಗದ ದೋಣಿಗಳು ಆಗಲೂ ಇದ್ದವು. ಇದಕ್ಕಿಂತ ಚೆಂದದವೂ ಇದ್ದವು. ಆದರೆ 1974ರಲ್ಲಿ ಅಂತಾರಾಷ್ಟ್ರೀಯ ಮಾನ್ಯತೆ ಸಿಕ್ಕಿದ್ದು ಇದಕ್ಕೆ. ಮಾರುಕಟ್ಟೆಗೆ ಬಂದು ಮೂರೇ ವರ್ಷಕ್ಕೆ! ಹೇಗೆ?

ಮಾನ್ಯತೆ ಬೇಕಾದರೆ ನಾಲ್ಕು ಮೆಟ್ಟಿಲು ಹತ್ತಬೇಕು.

ಮೊದಲನೆಯದು, ಸಂಘ. ದೋಣಿ ಮಾಡುವ ಕಂಪನಿ ಬಂದು 'ನನ್ನ ದೋಣಿಗೆ ಮಾನ್ಯತೆ ಕೊಡಿ' ಅಂದರೆ ಸಾಲದು. ಓಡಿಸುವವರು ಸೇರಿ ಕಟ್ಟಿದ ಕ್ಲಾಸ್ ಸಂಘ ಇರಬೇಕು. ಅದಕ್ಕೆ ಸದಸ್ಯರು, ಪದಾಧಿಕಾರಿಗಳು, ಬೈಲಾ, ಮತದಾನ ಎಲ್ಲ ಇರಬೇಕು. ನಮ್ಮ ಹಾಲಿನ ಸಹಕಾರ ಸಂಘದ ಹಾಗೆ ಅಂದುಕೊಳ್ಳಿ.

ಎರಡನೆಯದು, ನಿಯಮದ ಪುಸ್ತಕ. ಒಡಲಿನ ಅಳತೆ, ಹಾಯಿಯ ಅಳತೆ, ಕಂಬದ ಉದ್ದ, ಹಗ್ಗ ಎಲ್ಲಿ ಕಟ್ಟಬಹುದು, ಎಲ್ಲಿ ಕಟ್ಟಬಾರದು, ಎಲ್ಲ ಬರೆದಿರಬೇಕು. ಲೇಸರ್ ಸಂಘದವರು ಇದರಲ್ಲಿ ಎಲ್ಲರಿಗಿಂತ ಕಟ್ಟುನಿಟ್ಟು. ಎಲ್ಲ ಕಾರ್ಖಾನೆಗಳೂ ಒಂದೇ ಕೈಪಿಡಿ ಇಟ್ಟುಕೊಂಡು ದೋಣಿ ಮಾಡಬೇಕು. ಕೊಂಡವನು ಮನೆಗೆ ತಂದು ಉಜ್ಜಿ, ಕೆತ್ತಿ, ಹಗುರ ಮಾಡುವ ಹಾಗಿಲ್ಲ. ನಿಯಮದಲ್ಲಿ ಹೀಗೆ ಮಾಡಬಹುದು ಅಂತ ಬರೆದಿಲ್ಲ ಅಂದರೆ ಮಾಡಬಾರದು ಅಂತಲೇ ಅರ್ಥ. ದುಡ್ಡಿದ್ದವನು ದುಡ್ಡು ಸುರಿದು ವೇಗ ಕೊಂಡುಕೊಳ್ಳೋಕೆ ಆಗಬಾರದು ಅನ್ನೋದು ಲೆಕ್ಕಾಚಾರ.

ಮೂರನೆಯದು, ಹರಡಿಕೆ. ಒಂದೇ ದೇಶದಲ್ಲಿ ಸಾವಿರ ದೋಣಿ ಇದ್ದರೆ ಸಾಲದು. ಬೇರೆ ಬೇರೆ ದೇಶ, ಬೇರೆ ಬೇರೆ ಖಂಡಗಳಲ್ಲಿ ಓಡಬೇಕು, ರೇಸ್ ನಡೆಯಬೇಕು, ಅದಕ್ಕೆ ಲೆಕ್ಕ ಕೊಡಬೇಕು. ಮಂಡ್ಯದಲ್ಲಿ ಮಾತ್ರ ಆಡುವ ಆಟಕ್ಕೆ ವಿಶ್ವಕಪ್ ಅಂತ ಹೆಸರಿಟ್ಟರೆ ನಗ್ತಾರಲ್ವಾ, ಹಾಗೆ.

ನಾಲ್ಕನೆಯದು, ಒಪ್ಪಂದ. ಮಾನ್ಯತೆ ಸಿಕ್ಕ ಮೇಲೆ ಸಂಘ ತನ್ನಿಷ್ಟಕ್ಕೆ ನಿಯಮ ಬದಲಿಸುವ ಹಾಗಿಲ್ಲ. ವರ್ಲ್ಡ್ ಸೇಲಿಂಗ್ ಒಪ್ಪಬೇಕು. ಹೊಸ ದೋಣಿ ಒಂದೊಂದಕ್ಕೂ ಶುಲ್ಕ ಕಟ್ಟಿ ಒಂದು ಫಲಕ ಹಚ್ಚಬೇಕು. ಆಭರಣಕ್ಕೆ ಹಾಲ್‌ಮಾರ್ಕ್ ಇದ್ದ ಹಾಗೆ. ಪ್ರತಿಯಾಗಿ ಸಂಘಕ್ಕೆ ತನ್ನ ಕ್ಲಾಸಿನ ಹೆಸರಿನ ಹಿಂದೆ 'ಇಂಟರ್‌ನ್ಯಾಷನಲ್' ಅಂತ ಹಾಕಿಕೊಳ್ಳುವ, ವಿಶ್ವ ಚಾಂಪಿಯನ್‌ಷಿಪ್ ನಡೆಸುವ ಹಕ್ಕು ಸಿಗುತ್ತದೆ.

ಲೇಸರ್‌ಗೆ ಈ ಮೆಟ್ಟಿಲುಗಳನ್ನು ಹತ್ತಲು ಅದರ ಅಗ್ಗದ ಬೆಲೆಯೇ ಸಹಾಯ ಮಾಡಿತು. ಅಗ್ಗ ಅಂತ ಕೊಂಡರು, ಕೊಂಡವರು ಸಂಘ ಕಟ್ಟಿದರು, ಸಂಘ ದೇಶದಿಂದ ದೇಶಕ್ಕೆ ಹರಡಿತು. 1974ರಲ್ಲೇ ಬರ್ಮುಡಾದಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಆದರೆ ಒಲಿಂಪಿಕ್ಸ್ ಬಾಗಿಲು ತೆರೆಯಲು ಇನ್ನೂ 22 ವರ್ಷ ಕಾಯಬೇಕಾಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಲೇಸರ್ ಮೊದಲ ಸಲ ಬಂತು. ಬ್ರೆಜಿಲ್‌ನ ರಾಬರ್ಟ್ ಶೈಟ್‌ಗೆ ಚಿನ್ನ, ಬ್ರಿಟನ್ನಿನ ಬೆನ್ ಏನ್ಸ್ಲಿಗೆ ಬೆಳ್ಳಿ. 2008ರ ಬೀಜಿಂಗ್ ಒಲಿಂಪಿಕ್ಸ್‌ನಿಂದ ಹೆಣ್ಣುಮಕ್ಕಳಿಗೂ ಇದೇ ದೋಣಿ, ಸ್ವಲ್ಪ ಚಿಕ್ಕ ಹಾಯಿಯ ಜೊತೆ. ಇವತ್ತಿಗೆ ಎರಡು ಲಕ್ಷಕ್ಕೂ ಹೆಚ್ಚು ದೋಣಿಗಳು ತಯಾರಾಗಿವೆ.

ಇದರಿಂದ ನಮಗೇನು ಬಂತು? ಭಾರತ ಒಲಿಂಪಿಕ್ಸ್ ಹಾಯಿದೋಣಿಗೆ ಇಳಿದಿದ್ದು 1972ರಲ್ಲಿ. ಸೊಹ್ರಾಬ್ ಕಾಂಟ್ರಾಕ್ಟರ್ ಮತ್ತು ಎ.ಎ. ಬಾಸಿತ್, ಫ್ಲೈಯಿಂಗ್ ಡಚ್‌ಮನ್ ಅನ್ನುವ ದೋಣಿಯಲ್ಲಿ. ಆಮೇಲೆ ಅಪರೂಪಕ್ಕೊಮ್ಮೆ ಒಬ್ಬರು, ಇಬ್ಬರು. ಟೋಕಿಯೊಗೆ ಹೋಗುವಾಗ ಮಾತ್ರ ಒಂದೇ ಸಲಕ್ಕೆ ನಾಲ್ವರು. ಅದರಲ್ಲಿ ಇಬ್ಬರು ಲೇಸರ್ ಕುಟುಂಬದವರು. ಒಬ್ಬರು ಸೇನೆಯ ವಿಷ್ಣು ಸರವಣನ್. ಇನ್ನೊಬ್ಬರು ಚೆನ್ನೈನ ನೇತ್ರಾ ಕುಮನನ್, ಒಲಿಂಪಿಕ್ಸ್ ಹಾಯಿದೋಣಿಗೆ ಅರ್ಹತೆ ಪಡೆದ ಭಾರತದ ಮೊದಲ ಮಹಿಳೆ. ಉಳಿದ ಇಬ್ಬರು 49ಇಆರ್ ಅನ್ನುವ ಜೋಡಿ ದೋಣಿಯವರು. ಅವರಲ್ಲಿ ಕೇಳಪಂಡ ಚೆಂಗಪ್ಪ ಗಣಪತಿ ಅಂತ ಒಬ್ಬರು. ಹೆಸರು ಕೇಳಿದ ಕೂಡಲೇ ಕೊಡಗಿನವರಿಗೆ ಗೊತ್ತಾಗಿಬಿಡುತ್ತದೆ, ಇದು ನಮ್ಮ ಮನೆತನದ ಹೆಸರು ಅಂತ.

ನೋಡಿ, ದೋಣಿ ಒಂದೇ ಆಗಿದ್ದರಿಂದ ಹೊಸಬರಿಗೆ ಬಾಗಿಲು ತೆರೆಯಿತು. ಒಂದೇ ಒಡಲಿಗೆ ಮೂರು ಅಳತೆಯ ಹಾಯಿ. ಮಕ್ಕಳಿಗೆ 4.7 ಚದರ ಮೀಟರ್, ಅದಕ್ಕಿಂತ ಸ್ವಲ್ಪ ದೊಡ್ಡದು ಮಹಿಳೆಯರಿಗೆ, 7 ಚದರ ಮೀಟರಿನದು ಗಂಡಸರಿಗೆ. ಹುಡುಗಿ ಬೆಳೆದ ಹಾಗೆ ಕಂಬದ ಕೆಳತುಂಡು ಮತ್ತು ಹಾಯಿ ಬದಲಾಯಿಸಿದರಾಯಿತು. ಹೊಸ ದೋಣಿಯೇ ಬೇಕಿಲ್ಲ. ನೇಹಾ ಗೆದ್ದ ಐಎಲ್‌ಸಿಎ–4ರ ನಾಲ್ಕು ಅಂದರೆ ಆ 4.7. ಮರುದಿನ, 27ರಂದು, ಅದೇ ಒಡಲಿನ ದೊಡ್ಡ ಹಾಯಿಯ ಐಎಲ್‌ಸಿಎ–7ರಲ್ಲಿ ವಿಷ್ಣು ಸರವಣನ್ ಕಂಚು ಗೆದ್ದರು.

ಸರಿ. ದೋಣಿಯ ಹೆಸರು ಲೇಸರ್ ಅಂದಿರಿ. ಮತ್ತೆ ಈ ಐಎಲ್‌ಸಿಎ ಎಲ್ಲಿಂದ ಬಂತು? ಆ ವೀಕ್ಷಕರ ಪ್ರಶ್ನೆಗೆ ಈಗ ಬಂದೆ.

ಮಾನ್ಯತೆ ಅಂದರೆ ಒಮ್ಮೆ ಸಿಕ್ಕರೆ ಆಯಿತು ಅಂತಲ್ಲ. ಲೇಸರ್ ವಿಷಯದಲ್ಲಿ ವಿನ್ಯಾಸದ ಹಕ್ಕು ಒಬ್ಬರದು, ಲೇಸರ್ ಅನ್ನುವ ಹೆಸರಿನ ಹಕ್ಕು ಇನ್ನೊಬ್ಬರದು, ಅದೂ ಒಂದೊಂದು ಭೂಭಾಗಕ್ಕೆ ಒಬ್ಬೊಬ್ಬರದು. ಕರ್ಬಿ ಅವರೇ ತಮ್ಮ ದೋಣಿಗಾಗಿ ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. 2019ರಲ್ಲಿ ಜಗಳ ತಾರಕಕ್ಕೇರಿತು. ಯುರೋಪಿನ ಬಹುಪಾಲು ಮಾರುಕಟ್ಟೆಗೆ ದೋಣಿ ಕೊಡುತ್ತಿದ್ದ ತಯಾರಕರು ಕಾರ್ಖಾನೆ ತಪಾಸಣೆಗೆ ಬಿಡುತ್ತಿಲ್ಲ ಅಂತ ಸಂಘ ಅವರ ಜೊತೆಗಿನ ಒಪ್ಪಂದವನ್ನೇ ಮುರಿಯಿತು. ಆದರೆ ಅಲ್ಲಿ ಲೇಸರ್ ಅನ್ನುವ ಹೆಸರು ಅವರ ಕೈಯಲ್ಲೇ ಇತ್ತು!

ಅದೇ ಹೊತ್ತಿಗೆ ವರ್ಲ್ಡ್ ಸೇಲಿಂಗ್ ಇನ್ನೊಂದು ಷರತ್ತು ಹಾಕಿತ್ತು. ಒಲಿಂಪಿಕ್ಸ್ ದೋಣಿಯನ್ನು ಒಂದೆರಡು ಕಂಪನಿಗಳ ಮುಷ್ಟಿಯಲ್ಲಿ ಇಡಬಾರದು. ನಿಯಮ ಪಾಲಿಸಲು ತಯಾರಿರುವ ಯಾರೇ ಆದರೂ ನ್ಯಾಯವಾದ ಶುಲ್ಕ ಕಟ್ಟಿ ತಯಾರಿಸುವ ಹಾಗಿರಬೇಕು. ಇಲ್ಲದಿದ್ದರೆ ಲೇಸರ್ ಬದಲಿಗೆ ಬೇರೆ ದೋಣಿ. ಬರೀ ಬೆದರಿಕೆ ಅಲ್ಲ ಇದು. ಸ್ಪೇನಿನ ವೆಲೆನ್ಸಿಯಾದಲ್ಲಿ ನಾಲ್ಕು ದೋಣಿಗಳನ್ನು ಪರೀಕ್ಷೆಗೆ ಇಳಿಸಿದರು. ಪರೀಕ್ಷೆ ಮಾಡಿದ ತಜ್ಞರು ಆರ್‌ಎಸ್ ಏರೋ ಅನ್ನುವ ಹೊಸ ದೋಣಿಯ ಕಡೆ ವಾಲಿದರು. ಮೇ ತಿಂಗಳಲ್ಲಿ ಕೌನ್ಸಿಲ್ ಮತ ಹಾಕಿ, ಷರತ್ತಿನ ಮೇಲೆ ಲೇಸರನ್ನೇ ಉಳಿಸಿಕೊಂಡಿತು.

ಯೋಚನೆ ಮಾಡಿ. ಆ ಮತ ಆ ಕಡೆ ಬಿದ್ದಿದ್ದರೆ? ಹಣ ಇರುವ ದೇಶಗಳು ಮರುದಿನವೇ ಹೊಸ ದೋಣಿ ತರಿಸಿಕೊಳ್ಳುತ್ತಿದ್ದವು. ನಮ್ಮ ಹುಡುಗರು, ಹುಡುಗಿಯರು ಹತ್ತು ವರ್ಷ ಮೈಮುರಿದು ಕಲಿತ ದೋಣಿ ಷೆಡ್ಡಿನಲ್ಲಿ ಕೂರುತ್ತಿತ್ತು.

ಸಂಘ ಆಗ ಮಾಡಿದ್ದು ಒಂದು ಧೈರ್ಯದ ಕೆಲಸ. ಹೆಸರು ನಿಮ್ಮದಾದರೆ ಇಟ್ಟುಕೊಳ್ಳಿ, ದೋಣಿ ನಮ್ಮದು ಅಂದಿತು. ಇಂಟರ್‌ನ್ಯಾಷನಲ್ ಲೇಸರ್ ಕ್ಲಾಸ್ ಅಸೋಸಿಯೇಷನ್ ಅನ್ನುವ ತನ್ನ ಹೆಸರಿನ ಮೊದಲ ಅಕ್ಷರಗಳನ್ನೇ ದೋಣಿಗೆ ಇಟ್ಟಿತು. ಐಎಲ್‌ಸಿಎ! ಐವತ್ತು ವರ್ಷ ಜಗತ್ತಿಗೆಲ್ಲ ಗೊತ್ತಿದ್ದ ಹೆಸರನ್ನು ಬಿಟ್ಟು, ಬಾಯಿಗೆ ಬಾರದ ನಾಲ್ಕು ಅಕ್ಷರ ಹಚ್ಚಿಕೊಂಡರು. ಥಾಯ್ಲೆಂಡ್, ಇಟಲಿ ಮುಂತಾದ ಕಡೆ ಹೊಸ ತಯಾರಕರು ಬಂದರು. ಒಡಲು ಅದೇ, ಅಳತೆ ಅದೇ, ಓಡಿಸುವವರೂ ಅವರೇ. ಪ್ಯಾರಿಸ್ ಒಲಿಂಪಿಕ್ಸ್‌ಗೆ ವಿಷ್ಣು, ನೇತ್ರಾ ಇಬ್ಬರೂ ಹೋಗಿದ್ದು ಇದೇ ದೋಣಿಯಲ್ಲಿ.

ಹಾಗಾದರೆ ಸ್ವಾಮಿ, ನಾನು ಅವತ್ತು ಹದಿನೈದು ಸೆಕೆಂಡಿನಲ್ಲಿ ಓದಿ ಮುಗಿಸಿದ್ದು ಒಂದು ದೋಣಿ ಓಡಿಸುವವರ ಸಂಘದ ಹೆಸರನ್ನು. ನಿಮ್ಮ ಪ್ರಶ್ನೆಗೆ ಉತ್ತರ ಇದು. ತಡವಾಯಿತು, ಕ್ಷಮಿಸಿ.

ಇನ್ನೊಂದು ಮಾತು ಹೇಳದೆ ಮುಗಿಸಲಾರೆ. ನೇಹಾ ಗೆದ್ದ ಅದೇ ದಿನ, ಅದೇ ನೀರಿನಲ್ಲಿ, ಈಬಾದ್ ಅಲಿ ಅನ್ನುವ ನಮ್ಮ ಹುಡುಗ ಹಾಯಿಹಲಗೆ ಸ್ಪರ್ಧೆಯಲ್ಲಿ ಕಂಚು ಗೆದ್ದ. ಅವನ ಕ್ಲಾಸ್ ಆರ್‌ಎಸ್:ಎಕ್ಸ್. ಅದಕ್ಕೂ ಅಂತಾರಾಷ್ಟ್ರೀಯ ಮಾನ್ಯತೆ ಸಿಕ್ಕಿತ್ತು. ಆದರೆ ಟೋಕಿಯೊ ನಂತರ ಅದನ್ನು ಒಲಿಂಪಿಕ್ಸ್‌ನಿಂದ ಕೈಬಿಟ್ಟು, ನೀರಿನಿಂದ ಮೇಲೆದ್ದು ಹಾರುವ ಹೊಸ ಹಲಗೆ ತಂದಿದ್ದಾರೆ. ಏಷ್ಯಾದ ಮೂರನೆಯವನಾಗಿ ನಿಂತ ಹುಡುಗನಿಗೆ ಆ ಹಲಗೆಯ ಮೇಲೆ ಪ್ಯಾರಿಸ್‌ಗೆ ದಾರಿಯೇ ಇರಲಿಲ್ಲ. 1972ರಲ್ಲಿ ನಮ್ಮವರು ಓಡಿಸಿದ ಫ್ಲೈಯಿಂಗ್ ಡಚ್‌ಮನ್ ಕೂಡ 1992ರ ನಂತರ ಅಲ್ಲಿಲ್ಲ. ಯಾವ ದೋಣಿ ಒಳಗೆ, ಯಾವುದು ಹೊರಗೆ ಅನ್ನುವುದು ನೀರಿನ ಮೇಲೆ ತೀರ್ಮಾನ ಆಗಲ್ಲ. ಎಲ್ಲೋ ದೂರದ ಸಭಾಂಗಣದಲ್ಲಿ ಕೈ ಎತ್ತುವವರು ತೀರ್ಮಾನಿಸುತ್ತಾರೆ. ಆ ಮೇಜಿನ ಸುತ್ತ ನಮ್ಮವರು ಕೂತಿರಬೇಕು, ಮಾತಾಡಬೇಕು. ಪದಕಕ್ಕೆ ಚಪ್ಪಾಳೆ ಹೊಡೆದರೆ ಮಾತ್ರ ಸಾಲದು.

ಬೆಂಗಳೂರಿನವರಿಗೆ ಇದು ದೂರದ ವಿಷಯ ಅನ್ನಿಸಬಹುದು. ಹಲಸೂರು ಕೆರೆ ಕಡೆ ಹೋದರೆ ಎಂಇಜಿಯ ಸೈನಿಕರು ಹಾಯಿದೋಣಿ ಓಡಿಸೋದು ಕಾಣಿಸುತ್ತೆ. ನಿಂತು ನೋಡಿ. ನಮಗೆ ಮುನ್ನೂರು ಕಿಲೋಮೀಟರ್ ಕಡಲತೀರ ಇದೆ, ಹಿನ್ನೀರು ಇದೆ, ಹುಟ್ಟಿದಾಗಿನಿಂದ ನೀರು ಬಲ್ಲ ಮಕ್ಕಳಿದ್ದಾರೆ. ಭೋಪಾಲಿಗೆ ಇಲ್ಲದ್ದೆಲ್ಲ ನಮ್ಮಲ್ಲಿದೆ. ಅಲ್ಲಿ ಆ ರೈತನ ಮಗಳಿಗೆ ಯಾರೋ ಒಂದು ದೋಣಿ ಕೊಟ್ಟರು, ಜಗತ್ತೆಲ್ಲ ಒಪ್ಪಿಕೊಂಡ ಅಳತೆಯ ದೋಣಿ. ಉಳಿದದ್ದನ್ನು ಅವಳು ನೋಡಿಕೊಂಡಳು.